ಓಎಚ್‌ಎಲ್ (ಒಂಟಾರಿಯೊ ಹಾಕಿ ಲೀಗ್) ಸೀಸನ್ ಮುಗೀತು, ಅಕ್ಕನ ಮಗನ್ನ ಈ ಲೀಗಿಗೆ ಕಳಿಸಬಹುದಾ?

ಹಾಸನದ_ಹರಿ (ಲಂಡನ್, ಒಂಟಾರಿಯೊ) | ಜುಲೈ 2025

ಎಲ್ಲರಿಗೂ ನಮಸ್ಕಾರ. ನಾನಿರೋದು ಲಂಡನ್‌ನಲ್ಲಿ. ಇಂಗ್ಲೆಂಡಿನದಲ್ಲ, ಕೆನಡಾದ್ದು. ಜೂನ್ 1ಕ್ಕೆ ನಮ್ಮೂರಿನ ಐಸ್ ಹಾಕಿ ತಂಡ ನೈಟ್ಸ್‌ನ ಹುಡುಗರು ರಿಮೂಸ್ಕಿಯಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸ್ ತಂಡಕ್ಕೆ 4-1 ಬಾರಿಸಿ ಮೆಮೋರಿಯಲ್ ಕಪ್ ತಂದರಲ್ಲ, ಆವತ್ತಿನಿಂದ ಆಫೀಸಲ್ಲೂ ಅದೇ ಮಾತು, ಕ್ಷೌರದ ಅಂಗಡೀಲೂ ಅದೇ ಮಾತು.

ಈಗ ವಿಷಯಕ್ಕೆ ಬರ್ತೀನಿ. ಅಕ್ಕ-ಭಾವ ವಾಟರ್‌ಲೂನಲ್ಲಿದ್ದಾರೆ. ಅವರ ಮಗ ಇಲ್ಲೇ ಹುಟ್ಟಿ ಬೆಳೆದವನು, ಹದಿನೈದು ವರ್ಷ, ಟ್ರಿಪಲ್-ಎ ಅನ್ನೋ, ಅವನ ವಯಸ್ಸಿನವರ ಮೇಲ್ಮಟ್ಟದಲ್ಲಿ ಡಿಫೆನ್ಸ್ ಆಡ್ತಾನೆ. ಮುಂದಿನ ವರ್ಷದ ಓಎಚ್‌ಎಲ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು) ಯಾವುದಾದ್ರೂ ತಂಡ ಇವನ ಹೆಸರು ಕೂಗಬಹುದು ಅಂತ ಕೋಚ್ ಹೇಳಿಬಿಟ್ಟಿದ್ದಾರೆ. ಅಲ್ಲಿಂದ ಮನೇಲಿ ಕುರುಕ್ಷೇತ್ರ. ಭಾವ "ಒಲಿದು ಬಂದಿದ್ದನ್ನ ಬಿಡಬಾರದು" ಅಂತಾರೆ. ಅಕ್ಕ "ಹದಿನಾರನೇ ವಯಸ್ಸಿಗೆ ಯಾರ ಮನೇಲೋ ಬಿಟ್ಟು ಬರೋಕೆ ಇವನನ್ನ ಹೆತ್ತೆನಾ?" ಅಂತಾಳೆ.

ನನ್ನ ಕೇಳಿದ್ರು. ನಾನೋ ಟಿಕೆಟ್ ತಗೊಂಡು ಕೂತು ಕಿರಿಚೋ ಜಾತಿ. ಒಳಗಿನ ವ್ಯವಹಾರ ಗೊತ್ತಿರೋರು ಯಾರಾದ್ರೂ ಇದ್ದರೆ ದಯವಿಟ್ಟು ಬರೀರಿ.

—

ಮಲ್ಲೇಶ್ವರಂ_ಮಧು (ಬೆಂಗಳೂರು)

ಗುರು, ಮೊದಲು ಇದೇನು ಲೀಗ್ ಅಂತ ಹೇಳು. ನಮ್ಮ ಕೂಚ್ ಬೆಹಾರ್ ಟ್ರೋಫಿ ತರಹಾನಾ? ಹತ್ತೊಂಬತ್ತರ ಒಳಗಿನ ಹುಡುಗರ ಆಟಕ್ಕೆ ದುಡ್ಡು ಕೊಟ್ಟು ಟಿಕೆಟ್ ಬೇರೆ ತಗೋತೀರಾ ನೀವು?

—

ಅಂಕಿಅಂಶ_ಅನಂತ (ಗ್ವೆಲ್ಫ್)

ಮಧು, ಕೂಚ್ ಬೆಹಾರ್ ಪಂದ್ಯಕ್ಕೆ ಆಟಗಾರರ ಅಪ್ಪ-ಅಮ್ಮ ಬಿಟ್ಟರೆ ಯಾರು ಬರ್ತಾರೆ ಹೇಳು? ಇಲ್ಲಿ ಲಂಡನ್ ತಂಡದ ಅಖಾಡದಲ್ಲಿ ಒಂಬತ್ತು ಸಾವಿರ ಸೀಟಿದೆ, ಶುಕ್ರವಾರ ರಾತ್ರಿ ತುಂಬಿರುತ್ತೆ. ಹೋಲಿಕೆ ಅಲ್ಲಿಗೇ ಮುಗೀತು.

ಕೆನಡಾದ ಜೂನಿಯರ್ ಹಾಕಿಯ ಮೇಲ್ಮಟ್ಟದಲ್ಲಿ ಮೂರು ಲೀಗ್ ಇವೆ. ಒಂಟಾರಿಯೊದ್ದು ಓಎಚ್‌ಎಲ್, 20 ತಂಡ. ಅದರಲ್ಲಿ ಮೂರು ಅಮೆರಿಕದವು: ಈರಿ, ಫ್ಲಿಂಟ್, ಸ್ಯಾಗಿನಾ. ಪಶ್ಚಿಮದ್ದು ಡಬ್ಲ್ಯೂಎಚ್‌ಎಲ್, ಹೋದ ಸೀಸನ್ನಿನಲ್ಲಿ 22 ತಂಡ. ಕ್ವಿಬೆಕ್ ಮತ್ತು ಅಟ್ಲಾಂಟಿಕ್ ಕಡೆಯದ್ದು ಕ್ಯೂಎಂಜೆಎಚ್‌ಎಲ್, 18 ತಂಡ. ಆಡೋರು 16ರಿಂದ 20ರವರು. ಮೂರು ಲೀಗಿನ ಚಾಂಪಿಯನ್ನರು, ಜೊತೆಗೆ ಆತಿಥೇಯ ಊರಿನ ತಂಡ, ಹೀಗೆ ನಾಲ್ಕು ತಂಡ ಸೇರಿ ಕೊನೆಗೆ ಮೆಮೋರಿಯಲ್ ಕಪ್ ಆಡ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ಪು ಅದು.

ಓಎಚ್‌ಎಲ್ ತಂಡವೊಂದಕ್ಕೆ ಸೀಸನ್‌ಗೆ 68 ಪಂದ್ಯ. ಸೆಪ್ಟೆಂಬರ್ ಕೊನೆಗೆ ಶುರು, ಮಾರ್ಚ್‌ಗೆ ಮುಗಿತು. ಆಮೇಲೆ ಹದಿನಾರು ತಂಡ ಪ್ಲೇಆಫ್‌ಗೆ. ಒಂದೊಂದು ಸುತ್ತೂ ಏಳು ಪಂದ್ಯದ್ದು, ನಾಲ್ಕು ಮೊದಲು ಗೆದ್ದವರು ಮುಂದೆ. ಇಂಥ ನಾಲ್ಕು ಸುತ್ತು. ಶಾಲೆಗೆ ಹೋಗೋ ಹುಡುಗರು ಇವರು, ಅದು ತಲೇಲಿರಲಿ.

ಈ ಸಲ ಲಂಡನ್‌ದು 55-11-2-0. ಅಂದ್ರೆ 55 ಗೆಲುವು, 11 ಸೋಲು, ಓವರ್‌ಟೈಮ್‌ನಲ್ಲಿ ಎರಡು ಸೋಲು, ಶೂಟೌಟ್‌ನಲ್ಲಿ ಸೊನ್ನೆ. ಗೆದ್ದರೆ ಎರಡು ಪಾಯಿಂಟ್, ಓವರ್‌ಟೈಮ್ ತನಕ ಎಳೆದು ಸೋತರೆ ಒಂದು, ಒಟ್ಟು 112. ಪ್ಲೇಆಫ್‌ನಲ್ಲಿ ಓವನ್ ಸೌಂಡ್, ಈರಿ, ಕಿಚನರ್ ಮೂರನ್ನೂ ಒಂದೂ ಸೋಲದೆ ಒರೆಸಿದರು. ಫೈನಲ್‌ನಲ್ಲಿ ಆಶಾವಾ ಒಂದೇ ಒಂದು ಪಂದ್ಯ ಕಿತ್ತುಕೊಂಡಿತು. 16 ಗೆಲುವು, 1 ಸೋಲು.

ಇದರಲ್ಲಿ ನನಗೆ ತಲೆ ತಿರುಗಿದ ಅಂಕಿ ಬೇರೆ. ಗೋಲಿ, ಅಂದ್ರೆ ಗೋಲ್‌ಕೀಪರ್, ಆಸ್ಟಿನ್ ಎಲಿಯಟ್ ಪಶ್ಚಿಮದ ಲೀಗಿನ ಸಸ್ಕಟೂನ್‌ನಲ್ಲಿ ಜಾಗ ಇಲ್ಲದೆ ಇಲ್ಲಿಗೆ ಬಂದವನು. ರೆಗ್ಯುಲರ್ ಸೀಸನ್‌ನಲ್ಲಿ ಅವನ ಲೆಕ್ಕ 32 ಗೆಲುವು, 1 ಸೋಲು. ಇನ್ನೊಂದ್ಸಲ ಓದ್ಕೊಳ್ಳಿ.

—

ಹಾಸನದ_ಹರಿ

ಅನಂತಣ್ಣ, ಎಲಿಯಟ್ ಬಗ್ಗೆ ಬರೆದದ್ದಕ್ಕೆ ಒಂದು ಫಿಲ್ಟರ್ ಕಾಫಿ ಬಾಕಿ ನಿಮಗೆ. ಎಲ್ಲರೂ ಈಸ್ಟನ್ ಕೋವನ್, ಈಸ್ಟನ್ ಕೋವನ್ ಅಂತಾರೆ. ಟೂರ್ನಮೆಂಟಿನ ಶ್ರೇಷ್ಠ ಆಟಗಾರ ಅವನೇ, ಇಲ್ಲೇ ಪಕ್ಕದ ಮೌಂಟ್ ಬ್ರೈಜಸ್ ಹುಡುಗ, ದೊಡ್ಡವರ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಟೊರಾಂಟೊ ಮೇಪಲ್ ಲೀಫ್ಸ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಎತ್ಕೊಂಡವನು. ಆದ್ರೆ ಹಿಂದುಗಡೆ ಗೋಲಿ ಗಟ್ಟಿಯಿಲ್ಲದಿದ್ರೆ ಇದೆಲ್ಲ ಎಲ್ಲಿ ನಡೀತಿತ್ತು? ಹೋದ ವರ್ಷ ಸ್ಯಾಗಿನಾದಲ್ಲಿ ಇದೇ ಕಪ್ಪಿನ ಫೈನಲ್‌ನಲ್ಲಿ ಕೊನೆಯ ಅರ್ಧ ನಿಮಿಷದಲ್ಲಿ ಗೋಲು ಬಿಟ್ಟು 4-3ಕ್ಕೆ ಸೋತಿದ್ವಿ. ಆ ಉರಿ ಈಗ ಆರಿತು.

—

ಪೀಟರ್‌ಬರೊ_ಪ್ರಕಾಶ

ಲಂಡನ್‌ನವರ ಸಂಭ್ರಮಕ್ಕೆ ನೀರೆರಚಬಾರದು, ಆದ್ರೂ ಎರಚ್ತೀನಿ. ಹಂಟರ್ ಅಣ್ಣ-ತಮ್ಮ ಆ ಕ್ಲಬ್ಬನ್ನ 2000ದಲ್ಲಿ ಕೊಂಡರು. ಅಣ್ಣ ಜನರಲ್ ಮ್ಯಾನೇಜರೋ, ತಮ್ಮ ಕೋಚೋ, ಯಾರು ದೊಡ್ಡವರೋ ನನಗೆ ಬೇಡ. 2005, 2016, 2025: ಮೂರು ಕಪ್. ಸತತ ಮೂರು ಸಲ ಓಎಚ್‌ಎಲ್ ಫೈನಲ್. ಒಳ್ಳೆ ಹುಡುಗರು ಅಲ್ಲಿಗೇ ಹೋಗ್ಬೇಕು ಅಂತಾರೆ. ಡ್ರಾಫ್ಟ್‌ಗೆ ಮುಂಚೆಯೇ ಕೆಲವು ಮನೆಯವರು "ಆ ಊರಿನವರು ನಮ್ಮ ಹುಡುಗನ್ನ ಕರೀಬೇಡಿ, ನಾವು ಬರಲ್ಲ" ಅಂತ ಹೇಳಿ ಕಳಿಸ್ತಾರೆ. ಕೆಳಗಿನ ತಂಡಕ್ಕೆ ಮೊದಲು ಆರಿಸೋ ಹಕ್ಕು ಅನ್ನೋ ನಿಯಮದ ಗಂಟಲು ಅಲ್ಲೇ ಹಿಸುಕಿ ಹೋಯ್ತು.

ಬೇರೆಯವರು ಗೆಲ್ಲಬೇಕಂದ್ರೆ ಮನೆ ಮಾರಬೇಕು. ನಮ್ಮ ಪೀಟರ್‌ಬರೊ ಪೀಟ್ಸ್ ಮಾಡಿದ್ದು ಅದೇ. 2022-23ರಲ್ಲಿ ಫ್ಲಿಂಟ್‌ನಿಂದ ಬ್ರೆನನ್ ಆತ್ಮನ್, ಮಿಸಿಸಾಗಾದಿಂದ ಓವನ್ ಬೆಕ್, ಹೀಗೆ ದೊಡ್ಡ ಹೆಸರುಗಳನ್ನ ತಂದರು. ಬದಲಿಗೆ ಮುಂದಿನ ವರ್ಷಗಳ ಡ್ರಾಫ್ಟ್ ಪಾಳಿಗಳನ್ನೂ ಹುಡುಗರನ್ನೂ ಕೊಟ್ಟರು. ಲಂಡನ್‌ನನ್ನೇ ಆರು ಪಂದ್ಯದಲ್ಲಿ ಮಣಿಸಿ ಲೀಗ್ ಗೆದ್ದೆವು. ಆಮೇಲೆ? ಪಟ್ಟಿಯಲ್ಲಿ ಕೆಳಗೆ ಕೆಳಗೆ ಜಾರಿದೆವು. ಅದಕ್ಕೆ ಬೇಜಾರಿಲ್ಲ ನನಗೆ, ಕಪ್ ಕಣ್ಣಾರೆ ನೋಡಿದೆ. ಆದ್ರೆ ಆ ಟ್ರೇಡ್ (ಆಟಗಾರರ ಅದಲು-ಬದಲು) ಕಾಗದದ ಇನ್ನೊಂದು ತುದಿಯಲ್ಲಿ ಹದಿನೇಳರ ಹುಡುಗ ಇರ್ತಾನೆ. ಹರಿ, ನಿನ್ನ ಅಕ್ಕನಿಗೆ ಹೇಳಬೇಕಾದ್ದು ಇದು.

—

ಹಾಸನದ_ಹರಿ

ಪ್ರಕಾಶಣ್ಣ, ಡೇಲ್ ಅಣ್ಣ, ಮಾರ್ಕ್ ತಮ್ಮ. ಡೇಲ್ ಕೋಚ್. ಹೊಟ್ಟೆಕಿಚ್ಚು ಇರಲಿ, ವಂಶಾವಳಿ ಸರಿಯಾಗಿರಲಿ 😀

—

ಧಾರವಾಡದ_ಸುನಂದಾ

ಹರಿ, ಟ್ರೇಡ್ ಸುದ್ದಿ ಬಂತಲ್ಲ, ಅದಕ್ಕ ಬರಿಯಾಕತ್ತೀನಿ. ನಾವು ಬಿಲೆಟ್ ಮನಿಯವರು. ಅಂದ್ರ ದೂರದ ಊರಿನಿಂದ ಬಂದ ಆಟಗಾರನ್ನ ಸೀಸನ್ ಪೂರ್ತಿ ನಮ್ಮನ್ಯಾಗ ಇಟ್ಕೊಂಡು ಊಟ, ವಸತಿ ನೋಡ್ಕೊಳ್ಳೋರು. ಕ್ಲಬ್ಬಿನವರು ತಿಂಗಳಾ ಒಂದಿಷ್ಟು ರೊಕ್ಕ ಕೊಡ್ತಾರ, ಅದು ಹಾಲು-ತತ್ತಿಗೆ ಸರಿ ಹೋಗ್ತದ. ಯಾವ ತಂಡ ಅಂತ ಹೇಳಂಗಿಲ್ಲ, ಹುಡುಗನ ಹೆಸರೂ ಬ್ಯಾಡ.

ಬಂದಾಗ ಅವಂಗ ಹದಿನೇಳು. ಮೊದಲನೇ ದಿನಾನ ನಮ್ಮ ಬೇಸ್ಮೆಂಟಿನಾಗ ಆ ಗ್ಲೌಸು, ಪ್ಯಾಡು ಹರವಿದ. ಆ ವಾಸನಿ ಏನ್ ಹೇಳ್ಲಿ ತಾಯಿ, ಊದುಬತ್ತಿ ಸೋತು ಸುಣ್ಣಾತು. ಗುರುವಾರ, ಶುಕ್ರವಾರ, ರವಿವಾರ ಮ್ಯಾಚು. ಸಡ್ಬರಿ, ಸೂ ಸೇಂಟ್ ಮರೀ ಕಡೆ ಹೋದ್ರಂತೂ ಬಸ್ಸು ವಾಪಸ್ ಬರೂದು ನಸುಕಿನಾಗ. ಬಾಗಲಾ ಸಪ್ಪಳ ಆಗಬಾರ್ದಂತ ಬೂಟು ಕೈಯಾಗ ಹಿಡ್ಕೊಂಡು ಮೆಟ್ಟಲಾ ಇಳೀತಿದ್ದ. ಮತ್ತ ಮುಂಜಾನೆ ಸಾಲಿ. ನಾನು ಮಾಡಿದ ಜೋಳದ ರೊಟ್ಟಿಗೆ ಪೀನಟ್ ಬಟರ್ ಸವರಿ, ಮಡಚಿ, ನಿಂತಲ್ಲೇ ಎರಡ ತುತ್ತಿಗೆ ಮುಗಿಸವ. ನಮ್ಮ ಅತ್ತಿಯವರು ನೋಡಿ, "ಶೇಂಗಾ ಹಿಂಡಿ ಬದಲಿ ಅದ, ತಿನ್ನಲಿ ಬಿಡು" ಅಂದ್ರು.

ಜನವರಿಯಾಗ ಟ್ರೇಡಿನ ಡೆಡ್‌ಲೈನ್ ಹತ್ರ ಬಂತು. ಸಂಜಿಕೆ ಪಲ್ಯಾ ಕಾಯಿಸಿ ತಾಟು ಹಚ್ಚಿದ್ದೆ, ಫೋನ್ ಬಂತು. "ಯೆಸ್ ಸರ್, ಯೆಸ್ ಸರ್" ಅಂದ, ಇಟ್ಟ. ಆಮ್ಯಾಲ ಕುಂತು ತಾಟಿನಾಗಿಂದು ಪೂರ್ತಿ ಉಂಡ. ತೊಳದಿಟ್ಟ. ಆಮ್ಯಾಲ ಹೇಳಿದ, ನಾಳೆ ಮುಂಜಾನೆ ಬ್ಯಾರೆ ಊರಿಗೆ ಹೋಗ್ಬೇಕು ಅಂತ. ಸಾಲಿ, ಗೆಳ್ಯಾರು, ಸೆಮಿಸ್ಟರ್ ಪರೀಕ್ಷಾ, ಎಲ್ಲಾ ಅರ್ಧಕ್ಕ. ಅವರಪ್ಪಗ ಫೋನ್ ಹಚ್ಚಿ ಮಾತಾಡುಮುಂದ ಮಾತ್ರ ದನಿ ನಡುಗಿತು.

ಇಷ್ಟು ಓದಿ ನಿಮ್ಮಕ್ಕ ಬ್ಯಾಡೇ ಬ್ಯಾಡ ಅನಬಹುದು. ಆದ್ರ ಇನ್ನೊಂದು ಮಾತು. ಅವ ಹೊಸಾ ತಂಡದಾಗ ಛಲೋ ಆಡಿದ, ಈಗ ಕಾಲೇಜಿಗೆ ಹೊಂಟಾನ. ಆ ಊರಾಗೂ ಯಾರೋ ಒಬ್ಬಾಕಿ ಅವಂಗ ಊಟಕ್ಕಿಟ್ಟಾಳಲ್ಲ. ಹುಡುಗುರು ನಾವು ತಿಳ್ಕೊಂಡಿದ್ದಕ್ಕಿಂತ ಗಟ್ಟಿ ಇರ್ತಾರ. ವ್ಯವಸ್ಥಾ ಗಟ್ಟಿ ಇಲ್ಲ ಅಂತ ನನ್ನ ಸಿಟ್ಟು. ಒಂದು ವಾರ ತಡದು ಕಳಿಸಿದ್ರ ಪರೀಕ್ಷಾ ಆದ್ರೂ ಮುಗೀತಿತ್ತು.

—

ಮಲ್ಲೇಶ್ವರಂ_ಮಧು

ಸುನಂದಕ್ಕ, ತಟ್ಟೆ ತೊಳೆದಿಟ್ಟ ಅಂದ್ರಲ್ಲ, ಅಲ್ಲಿ ನನಗೇ ಒಂಥರಾ ಆಯ್ತು.

ಒಂದು ಅನುಮಾನ. ಈ ಹುಡುಗರಿಗೆ ಸಂಬಳ ಇಲ್ವಾ? ಒಂಬತ್ತು ಸಾವಿರ ಟಿಕೆಟ್ ಮಾರ್ತಾರೆ ಅಂದ್ರಿ.

—

ಬಂಟ್ವಾಳದ_ಭಟ್ರು (ಬ್ರಾಂಪ್ಟನ್)

ಸಂಬಳವಾ? ಎಂತ ಸಂಬಳ ಮಾರಾಯ್ರೆ. ಕೈಖರ್ಚಿಗೆ ಅಂತ ಸ್ವಲ್ಪ ಕೊಡ್ತಾರೆ. ಕನಿಷ್ಠ ವೇತನ ಕೊಡಿ ಅಂತ ಹಳೆ ಆಟಗಾರರು ಕೋರ್ಟಿಗೆ ಹೋದದ್ದುಂಟು. 2018ರಲ್ಲಿ ಒಂಟಾರಿಯೊ ಸರ್ಕಾರವೇ ಓಎಚ್‌ಎಲ್ ಹುಡುಗರನ್ನು ಕಾರ್ಮಿಕ ಕಾನೂನಿನ ಹೊರಗೆ ಇಟ್ಟುಬಿಟ್ಟಿತು. ಇವರು ನೌಕರರಲ್ಲ, ಹವ್ಯಾಸಿಗಳು ಅಂತ. ಅತ್ತ ಅಮೆರಿಕದ ಕಾಲೇಜು ಕ್ರೀಡೆಯ ಮಂಡಳಿ ಎನ್‌ಸಿಎಎ ಹೇಳುತ್ತಿದ್ದದ್ದು ಇದರ ತದ್ವಿರುದ್ಧ: ಕೈಖರ್ಚಿನ ಹಣ ತಗೊಳ್ತಾರಲ್ಲ, ಇವರು ವೃತ್ತಿಪರರೇ, ನಮ್ಮ ಕಾಲೇಜಿಗೆ ಬೇಡ. ಗಡಿಯ ಈಚೆ ಹವ್ಯಾಸಿ, ಆಚೆ ವೃತ್ತಿಪರ. ಎರಡೂ ಕಡೆಯಿಂದ ಹುಡುಗನಿಗೇ ಪೆಟ್ಟು.

ಹರಿಯವರ ಅಕ್ಕನಿಗೆ ನಿಜವಾಗಿ ಬೇಕಾದ ಸಂಗತಿ ಈಗ ಬಂತು ನೋಡಿ. ಮೊದಲೆಲ್ಲ ಹದಿನಾರಕ್ಕೇ ತೀರ್ಮಾನ ಮಾಡಬೇಕಿತ್ತು. ಓಎಚ್‌ಎಲ್‌ಗೆ ಕಾಲಿಟ್ಟರೆ ಅಮೆರಿಕದ ಕಾಲೇಜಿನ ಬಾಗಿಲು ಮುಚ್ಚಿತು ಅಂತಲೇ. ನಮ್ಮ ದೊಡ್ಡ ಮಗನ ಕಾಲದಲ್ಲಿ ಇದೇ ಹೆದರಿಕೆಯಿಂದ ನಾವು ಡ್ರಾಫ್ಟ್ ಬೇಡ ಅಂದೆವು, ಕೆಳಗಿನ ದರ್ಜೆಯ ಜೂನಿಯರ್ ಆಡಿಸಿದೆವು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಆ ನಿಯಮ ತೆಗೆಯಿತು. 2025ರ ಆಗಸ್ಟ್ 1ರಿಂದ ಜಾರಿ. ಹಾಗಾಗಿ ಈಗ ಎರಡು-ಮೂರು ವರ್ಷ ಓಎಚ್‌ಎಲ್ ಆಡಿ, ಮಾರ್ಕು ಚೆನ್ನಾಗಿದ್ದರೆ ಆಮೇಲೆ ಕಾಲೇಜಿಗೆ ಹೋಗಬಹುದು.

ಎಷ್ಟರ ಮಟ್ಟಿಗೆ ಗಾಳಿ ಬದಲಾಗಿದೆ ಅಂದರೆ, ಹರಿಯವರ ನೈಟ್ಸ್ ಫೈನಲ್‌ನಲ್ಲಿ ಸೋಲಿಸಿದ ಮೆಡಿಸಿನ್ ಹ್ಯಾಟ್ ತಂಡದ ಗ್ಯಾವಿನ್ ಮೆಕೆನಾ, ಯೂಕಾನಿನ ವೈಟ್‌ಹಾರ್ಸ್ ಹುಡುಗ, 56 ಪಂದ್ಯಕ್ಕೆ 129 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಸೇರಿ) ಹೊಡೆದವನು, ಈ ತಿಂಗಳು ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗ್ತೇನೆ ಅಂತ ಹೇಳಿದ್ದಾನೆ. ಇದೇ ಮಾತು ಒಂದು ವರ್ಷದ ಹಿಂದೆ ಹೇಳಿದ್ದರೆ ಜನ ನಗುತ್ತಿದ್ದರು.

ಇನ್ನೊಂದು, ಓಎಚ್‌ಎಲ್‌ನ ಶಿಕ್ಷಣ ಪ್ಯಾಕೇಜ್. ಆಡಿದ ಒಂದೊಂದು ಸೀಸನ್ನಿಗೆ ಒಂದೊಂದು ವರ್ಷದ ಕಾಲೇಜು ಫೀಸು, ಪುಸ್ತಕದ ಖರ್ಚು ಅಂತ ಲೆಕ್ಕ. ಇದು ಒಳ್ಳೆಯದೇ. ಕೆನಡಾದ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಆಡುವ ಎಷ್ಟೋ ಹುಡುಗರು ಇದೇ ದುಡ್ಡಲ್ಲಿ ಓದುತ್ತಿದ್ದಾರೆ. ಆದರೆ ಯಾವಾಗ ಓದು ಶುರು ಮಾಡಬೇಕು, ದೊಡ್ಡವರ ಲೀಗಿನ ಕರಾರಿಗೆ ಸಹಿ ಹಾಕಿದರೆ ಪ್ಯಾಕೇಜ್ ಏನಾಗ್ತದೆ, ಇದೆಲ್ಲ ಒಪ್ಪಂದದಲ್ಲಿ ಇರ್ತದೆ. ಭಾವನವರು ಸ್ಕೇಟ್ ನೋಡುವಷ್ಟೇ ಗಮನ ಕೊಟ್ಟು ಅದನ್ನು ಓದಲಿ, ಬೇಕಾದರೆ ವಕೀಲರಿಗೂ ತೋರಿಸಲಿ.

—

ಅಂಕಿಅಂಶ_ಅನಂತ

ಭಟ್ರೇ, ಸೇರಿಸಬೇಕಾದ್ದು ಒಂದಿದೆ. ಬಾಗಿಲು ತೆರೆದಿದೆ ನಿಜ, ಆದ್ರೆ ಒಳಗಿನ ಕುರ್ಚಿ ಅಷ್ಟೇ ಇವೆ. ಈಗ ಮೂರು ಲೀಗಿನ ಹುಡುಗರೂ ಆ ಕುರ್ಚಿಗೇ ನುಗ್ಗುತ್ತಾರೆ. ಸಾಧಾರಣ ಆಟಗಾರನಿಗೆ ಕಾಲೇಜು ಸೀಟು ಮೊದಲಿಗಿಂತ ಕಷ್ಟ ಆಗೋ ಸಾಧ್ಯತೆಯೇ ಹೆಚ್ಚು.

ಹರಿ, ಇನ್ನು ನಿಮ್ಮ ಮನೆ ಜಗಳಕ್ಕೆ. ಓಎಚ್‌ಎಲ್ ಡ್ರಾಫ್ಟ್ 15 ಸುತ್ತು, 20 ತಂಡ. ಸುಮಾರು 300 ಹೆಸರು. ಒಂದು ತಂಡ ಹದಿನಾರರ ಹುಡುಗರನ್ನ ಮೊದಲ ವರ್ಷವೇ ಇಟ್ಟುಕೊಳ್ಳೋದು ಮೂರ್ನಾಲ್ಕು ಜನರನ್ನ. ಉಳಿದವರಿಗೆ "ಒಂದು ವರ್ಷ ಕೆಳಗೆ ಆಡಿ ಬಾ" ಅಂತಾರೆ, ಎಷ್ಟೋ ಜನ ಆಮೇಲೂ ಬರಲ್ಲ. ಕೋಚ್ "ಕರೀಬಹುದು" ಅಂದದ್ದು ಎರಡನೇ ಸುತ್ತಿನ ಮಾತಾ, ಹನ್ನೆರಡನೇ ಸುತ್ತಿನ ಮಾತಾ? ಅದು ಗೊತ್ತಾಗದೆ ಅಕ್ಕ-ಭಾವ ಮಾತು ಬಿಟ್ಟು ಕೂತರೆ ಅರ್ಥವಿಲ್ಲ.

ಎನ್‌ಎಚ್‌ಎಲ್ ಕನಸಿಗೂ ಲೆಕ್ಕ ಹೇಳ್ತೀನಿ. ಮೂರು ಲೀಗ್ ಸೇರಿ 60 ತಂಡ, ಸಾವಿರಕ್ಕೂ ಮೇಲೆ ಹುಡುಗರು. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಏಳು ಸುತ್ತು, 32 ತಂಡ, 224 ಹೆಸರು. ಅದೂ ಸ್ವೀಡನ್, ಫಿನ್ಲೆಂಡ್, ರಷ್ಯಾ, ಅಮೆರಿಕ ಎಲ್ಲ ಸೇರಿ.

—

ಮಲ್ಲೇಶ್ವರಂ_ಮಧು

ಮತ್ತೆ ಹೊಡೆದಾಟ? ಯೂಟ್ಯೂಬ್‌ನಲ್ಲಿ ನೋಡಿದೀನಿ, ಗ್ಲೌಸ್ ಬಿಸಾಕಿ ಮುಖಕ್ಕೇ ಗುದ್ದುತ್ತಾರೆ. ಹುಡುಗರ ಲೀಗಲ್ಲೂ ಇದೆಯಾ?

—

ಪೀಟರ್‌ಬರೊ_ಪ್ರಕಾಶ

ಇದೆ, ಕಮ್ಮಿಯಾಗಿದೆ. ಕ್ವಿಬೆಕ್ ಲೀಗಿನವರು 2023-24ರಿಂದ ಹೊಡೆದಾಡಿದವನನ್ನ ಆ ಪಂದ್ಯದಿಂದಲೇ ಹೊರಹಾಕ್ತಾರೆ. ಓಎಚ್‌ಎಲ್ ಅಷ್ಟು ಮುಂದೆ ಹೋಗಿಲ್ಲ, ಆದ್ರೆ ಮತ್ತೆ ಮತ್ತೆ ಕಿತ್ತಾಡೋನಿಗೆ ಸಸ್ಪೆನ್ಷನ್ ಇದೆ. ಕುತ್ತಿಗೆ ಪಟ್ಟಿ ಇಲ್ಲಿ ಕಡ್ಡಾಯ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆಡಂ ಜಾನ್ಸನ್ ಸ್ಕೇಟ್ ಬ್ಲೇಡ್ ತಗುಲಿ ತೀರಿಕೊಂಡ ಮೇಲೆ ಪಶ್ಚಿಮದ ಲೀಗೂ ಕಡ್ಡಾಯ ಮಾಡಿತು.

ಹೊಡೆದಾಟಕ್ಕಿಂತ ಮಾಮೂಲಿ ಆಟದಲ್ಲೇ ಪೆಟ್ಟು ಜಾಸ್ತಿ. ಈರಿ ಆಟರ್ಸ್‌ನ ಮ್ಯಾಥ್ಯೂ ಶೇಫರ್ ಈ ಸೀಸನ್ ಲೀಗಿನಲ್ಲಿ ಆಡಿದ್ದು ಬರೀ 17 ಪಂದ್ಯ. ಡಿಸೆಂಬರ್‌ನಲ್ಲಿ ಒಟ್ಟಾವಾ ಊರಲ್ಲಿ ಕಿರಿಯರ ವಿಶ್ವ ಟೂರ್ನಿ ವರ್ಲ್ಡ್ ಜೂನಿಯರ್ಸ್ ಆಡುವಾಗ ಗೋಲ್ ಕಂಬಕ್ಕೆ ಬಡಿದು ಕೊರಳೆಲುಬು ಮುರೀತು, ಸೀಸನ್ ಅಲ್ಲಿಗೇ ಖಲಾಸ್. ಆದ್ರೂ ಜೂನ್‌ನ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನೇ ಮೊದಲ ಹೆಸರಾಗಿ ಕರೆದರು. ನಿಮ್ಮ ಹುಡುಗನ ಹಾಗೆ ಅವನೂ ಡಿಫೆನ್ಸ್, ಹರಿ.

—

ಕೋಲಾರ_ಕಿಡ್ (ಸರ್ರೆ, ಬಿ.ಸಿ.)

ನಮ್ಮವರು ಯಾರಾದ್ರೂ ಈ ಲೀಗ್‌ಗಳಲ್ಲಿ ಆಡಿದ್ದಾರಾ ಅಂತ ಯಾರೂ ಕೇಳಲಿಲ್ಲ. ಭಾರತ ಮೂಲದವರು ಅಂದ್ರೆ ಇದ್ದಾರೆ. ನಮ್ಮ ಸರ್ರೆಯ ಅರ್ಶ್‌ದೀಪ್ ಬೇನ್ಸ್ 2021-22ರಲ್ಲಿ ರೆಡ್ ಡಿಯರ್ ತಂಡಕ್ಕೆ 112 ಪಾಯಿಂಟ್ ಹೊಡೆದು ಡಬ್ಲ್ಯೂಎಚ್‌ಎಲ್‌ಗೇ ಮೊದಲಿಗನಾದ, ಆಮೇಲೆ ವ್ಯಾಂಕೂವರ್ ಕ್ಯಾನಕ್ಸ್. ಅವನಿಗೂ ಎಷ್ಟೋ ಮುಂಚೆ ರಾಬಿನ್ ಬಾವಾ. ಅನಂತಣ್ಣನ ಗ್ವೆಲ್ಫ್‌ನಲ್ಲೇ ಮ್ಯಾನಿ ಮಲ್ಹೋತ್ರಾ ಆಡಿದ್ದು. ಪಂಜಾಬಿಗಳು ಟಿವಿಯಲ್ಲಿ ಪಂಜಾಬಿ ಕಾಮೆಂಟರಿಯನ್ನೇ ಮಾಡಿಸ್ಕೊಂಡ್ರು. ನಾವು ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ಕೈಲಿ ಕೋಲಾಟ ಆಡಿಸಿ ಫೋಟೊ ಹಾಕ್ತೀವಿ. ಕಳಿಸಿ ಸಾರ್ ಹುಡುಗನ್ನ!

—

ಬಂಟ್ವಾಳದ_ಭಟ್ರು

ಕನ್ನಡದ ಮರ್ಯಾದೆ ಉಳಿಸಲಿಕ್ಕೆ ಹದಿನೈದರ ಹುಡುಗನ ಹೆಗಲು ಬೇಡ ಮಾರಾಯ. ಕೋಲಾಟ ಆಡಿದರೆ ಕೊರಳೆಲುಬು ಮುರಿಯುವುದಿಲ್ಲ.

—

ಹಾಸನದ_ಹರಿ

ಶನಿವಾರ ವಾಟರ್‌ಲೂಗೆ ಹೋಗಿದ್ದೆ. ಇಲ್ಲಿನ ಪೋಸ್ಟುಗಳನ್ನ ಅಕ್ಕನಿಗೆ ಓದಿ ಹೇಳಿದೆ. ಸುನಂದಕ್ಕನದು ಬಂದಾಗ ಫೋನ್ ಕಸಿದುಕೊಂಡು ತಾನೇ ಓದಿದಳು. ಆಮೇಲೆ ಬಂದ ಪ್ರಶ್ನೆಗಳು: ಬಿಲೆಟ್ ಮನೆಯನ್ನ ನಾವು ಮೊದಲೇ ನೋಡಬಹುದಾ? ಮೊಟ್ಟೆ ಮಾತ್ರ ತಿನ್ನೋ ಹುಡುಗನಿಗೆ ಬಸ್ಸಲ್ಲಿ ಏನು ಕೊಡ್ತಾರೆ? ಪರೀಕ್ಷೆ ವಾರದಲ್ಲಿ ಟ್ರೇಡ್ ಆಗಬಾರದು ಅಂತ ಬರೆಸ್ಕೊಳ್ಳೋಕೆ ಆಗುತ್ತಾ? ಬೇಡ ಅನ್ನೋದು ನಿಂತು ಪ್ರಶ್ನೆ ಶುರುವಾಗಿದೆ, ಭಾವನಿಗೆ ಅಷ್ಟೇ ಸಾಕಾಗಿದೆ.

ಹುಡುಗನ್ನ ಯಾರೂ ಕೇಳಿರಲಿಲ್ಲ ಅನ್ನೋದು ಆವತ್ತು ಗೊತ್ತಾಯ್ತು. ಕೇಳಿದೆ. ಅವನ ತಲೇಲಿರೋದು ಮೆಕೆನಾನೂ ಅಲ್ಲ, ಕೋವನ್ನೂ ಅಲ್ಲ. ಅಲ್ಲೇ ಪಕ್ಕದ ಎಲ್ಮೈರಾ ಊರಿನ ಬ್ರೇಡಿ ಮಾರ್ಟಿನ್. ದೂರದ ಸೂ ಸೇಂಟ್ ಮರೀ ಊರಿನ ಗ್ರೇಹೌಂಡ್ಸ್‌ಗೆ ಆಡೋನು. ಈ ಜೂನ್‌ನಲ್ಲಿ ನ್ಯಾಶ್‌ವಿಲ್ ಐದನೇ ಹೆಸರಾಗಿ ಕರೆದಾಗ ಡ್ರಾಫ್ಟ್ ನಡೀತಿದ್ದ ಲಾಸ್ ಏಂಜಲೀಸ್‌ಗೆ ಹೋಗದೆ ಮನೆಯ ಫಾರ್ಮ್‌ನಲ್ಲೇ ಕೆಲಸ ಮಾಡ್ಕೊಂಡಿದ್ದ. "ಮಾಮ, ಅವನು ಮನೆಯಿಂದ ಅಷ್ಟು ದೂರ ಹೋಗಿ ಆಡಿದ, ನಾನ್ಯಾಕೆ ಆಗಲ್ಲ" ಅಂದ. ಅಕ್ಕ ಒಲೆ ಕಡೆ ತಿರುಗಿಕೊಂಡಳು.

—

ಧಾರವಾಡದ_ಸುನಂದಾ

ಅಕ್ಕಾರಿಗೆ ಹೇಳ್ರಿ. ಮನಿ ಮೊದಲ ನೋಡಬಹುದು, ಕ್ಲಬ್ಬಿನಾಗ ಬಿಲೆಟ್ ನೋಡ್ಕೊಳ್ಳೋರು ಒಬ್ರು ಇರ್ತಾರ, ಅವರ ಜೋಡಿ ಮಾತಾಡ್ರಿ. ಬಸ್ಸಿನಾಗ ಬಹಳ ಮಾಡಿ ಪಾಸ್ತಾ, ಚಿಕನ್. ಮೊದಲಾ ಹೇಳಿದ್ರ ಬ್ಯಾರೆ ಡಬ್ಬಿ ಕಟ್ಟಿಸ್ತಾರ. ನಾನು ಅವಲಕ್ಕಿ ಕಟ್ಟಿ ಕೊಡ್ತಿದ್ದೆ, ಅರ್ಧಾ ತಂಡ ತಿಂದು ಬರೀ ಡಬ್ಬಿ ಬರ್ತಿತ್ತು. ಪರೀಕ್ಷಾದ್ದು ಬರಿಸಿಕೊಳ್ಳಾಕ ನೋಡ್ರಿ, ಕೇಳಿದ್ರ ತಪ್ಪೇನದ.

—

ಅಂಕಿಅಂಶ_ಅನಂತ

ಮತ್ತೆ ಆ ಕೋಚ್‌ನ ಎಷ್ಟನೇ ಸುತ್ತು ಅಂತ ಕೇಳಿದ್ರಾ?

—

ಹಾಸನದ_ಹರಿ

ಕೇಳಿದ್ವಿ. "ಆರರಿಂದ ಒಂಬತ್ತು, ಅದೂ ಈ ಚಳಿಗಾಲ ಚೆನ್ನಾಗಿ ಆಡಿದ್ರೆ" ಅಂದ್ರು. ಭಾವನ ಮುಖ ಸ್ವಲ್ಪ ಇಳೀತು, ಅಕ್ಕ ಅವತ್ತು ಹೋಳಿಗೆ ಮಾಡಿದಳು.

ಸೆಪ್ಟೆಂಬರ್‌ನಲ್ಲಿ ಕಿಚನರ್ ಆಡಿಟೋರಿಯಂನಲ್ಲಿ ರೇಂಜರ್ಸ್ ಪಂದ್ಯಕ್ಕೆ ಅಕ್ಕನನ್ನ ಕರ್ಕೊಂಡು ಹೋಗೋಣ ಅಂತಿದೀನಿ, ಇಷ್ಟು ವರ್ಷ ಮಗನ ಆಟ ಬಿಟ್ಟು ಬೇರೆ ಯಾವುದನ್ನೂ ನೋಡಿಲ್ಲ ಅವಳು. ಗ್ವೆಲ್ಫ್, ಬ್ರಾಂಪ್ಟನ್ ಕಡೆಯಿಂದ ಯಾರು ಬರ್ತೀರಿ? ಹತ್ತು ಜನ ಆದ್ರೆ ಗುಂಪು ಟಿಕೆಟ್ ಕೇಳಬಹುದು.

—

ಬಂಟ್ವಾಳದ_ಭಟ್ರು

ನಾವು ಮೂವರು. ಕಾರಿನಲ್ಲಿ ಇನ್ನೆರಡು ಸೀಟುಂಟು, ಮಿಸಿಸಾಗಾ ಕಡೆಯವರು ಇದ್ದರೆ ಹೇಳಿ.

—

ಪೀಟರ್‌ಬರೊ_ಪ್ರಕಾಶ

ಎದುರಾಳಿ ಪೀಟ್ಸ್ ಆದ್ರೆ ಮಾತ್ರ ಬರ್ತೀನಿ. ಲಂಡನ್ ಆದ್ರೆ ಹರಿ ಪಕ್ಕ ಕೂರಲ್ಲ.